ಆ ಕೋಣೆಯ ಡ್ಯೂಟಿ ಬಗ್ಗೆ ನೀನು ಕೇಳಿದ್ದಕ್ಕೆ

ಬಾಗೂರು
17 ಆಗಸ್ಟ್ 2025, ಭಾನುವಾರ

ಪ್ರೀತಿಯ ಮಗಳು ಮಾನಸಾಳಿಗೆ,

ಅಮ್ಮನ ಆಶೀರ್ವಾದ. ನಾವೆಲ್ಲ ಚೆನ್ನಾಗಿದ್ದೇವೆ. ಹಾಸನದ ಹಾಸ್ಟೆಲಿನಲ್ಲಿ ನೀನೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಅಂತ ನಂಬಿದ್ದೇನೆ. ಮೊನ್ನೆ ಫೋನಿನಲ್ಲಿ ನೀನು ಕೇಳಿದಾಗ ಮಾತು ತೇಲಿಸಿಬಿಟ್ಟೆ, ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಾನು ಫೋನ್ ಹಿಡಿದರೆ ನಿಮ್ಮಜ್ಜಿಯ ಕಿವಿ ನೆಟ್ಟಗಾಗುವುದು ನಿನಗೆ ಗೊತ್ತೇ ಇದೆ. ಅದಕ್ಕೇ ಕಾಗದ.

ಮೊದಲು ಸುಧಾಮಣಿಯ ಸುದ್ದಿ. ಪಕ್ಕದ ಮನೆ ನಟರಾಜುವಿನ ಹೆಂಡತಿ ಅವತ್ತು ಬಂದು, ಮೂರನೆಯದು ನಿಂತಿದೆ, ಬೇಡ ಅಂತ ಅತ್ತಳಲ್ಲ. ಚಿಕ್ಕದಕ್ಕೆ ಇನ್ನೂ ಹಾಲು ಬಿಡಿಸಿರಲಿಲ್ಲ. ನರ್ಸಿಂಗ್ ಓದುವ ಮಗಳಿದ್ದಾಳೆ ಅಂತ ನಾನು ಬೀಗುತ್ತಾ ನಿನಗೆ ಫೋನ್ ಮಾಡಿ ಕೊಟ್ಟೆ. ನೀನು, "ತೆಗೆಸೋದು ಅಪರಾಧ ಅಕ್ಕ, ಆಸ್ಪತ್ರೆ ಗೋಡೆ ಮ್ಯಾಲೇ ಬರ್ದವ್ರೆ, ಜೈಲಾಯ್ತದೆ" ಅಂದೆ. ಓದಿದವಳ ಮಾತು, ಅವಳು ನಂಬಿದಳು. ಕದ್ದುಮುಚ್ಚಿ ಔಷಧಿ ಅಂಗಡಿಯಿಂದ ಯಾವುದೋ ಮಾತ್ರೆ ತರಿಸಿ ನುಂಗಲು ಹೊರಟಿದ್ದಳು.

ನನಗೆ ತಡೆಯಲಾಗದೆ ಅವಳನ್ನು ಕರೆದುಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಅಲ್ಲಿನ ಡಾಕ್ಟರಮ್ಮ ನಕ್ಕು, "ಆ ಬೋರ್ಡು ಹೊಟ್ಟೇಲಿರೋದು ಗಂಡೋ ಹೆಣ್ಣೋ ಅಂತ ಪತ್ತೆ ಮಾಡೋರಿಗೆ ಕಣಮ್ಮ. ಇದಕ್ಕೆ ಕಾನೂನೇ ಅವಕಾಶ ಕೊಟ್ಟಿದೆ. ನಿನಗಿನ್ನೂ ಎರಡು ತಿಂಗಳೂ ತುಂಬಿಲ್ಲ. ನಿನ್ನ ಒಪ್ಪಿಗೆ ಸಾಕು, ಗಂಡನ ಸಹಿಯೂ ಬೇಡ" ಅಂದರು. ಈಗ ಹುಷಾರಾಗಿದ್ದಾಳೆ. ನಿನ್ನೆ ಡೈರಿಗೆ ಹಾಲು ತಂದಾಗ, "ಅಕ್ಕಾ, ಈಗ ನಿದ್ದೆ ಬತ್ತದೆ" ಅಂದಳು.

ನನ್ನಿಂದ ಬೈಸಿಕೊಂಡ ಮೇಲೆ ನೀನು ಸುಮ್ಮನೆ ಕೂರಲಿಲ್ಲ, ಅದು ನನಗೆ ಹಿಗ್ಗು. ನೀನೇ ನಿಮ್ಮ ಕಾಲೇಜಿನ ಮೇಡಂ ಹತ್ತಿರ ಹೋಗಿ ಕೇಳಿದೆ. ಅವರು ಕ್ಲಾಸಿಗೇ ಕೇಳಿದರೆ ಮುಕ್ಕಾಲು ಪಾಲು ಮಕ್ಕಳು ಅದೇ ಬೋರ್ಡು ತೋರಿಸಿದರಂತೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಕಣೇ. ಈಗ ಮೇಡಂ ಎಲ್ಲವನ್ನೂ ಬಿಡಿಸಿ ಪಾಠ ಮಾಡುತ್ತಿದ್ದಾರೆ ಅಂದೆಯಲ್ಲ, ನಿಮ್ಮ ಕ್ಲಾಸಿನವರು ಒಂದೊಂದು ಊರಿಗೆ ಹೋದರೂ ಎಷ್ಟು ಸುಧಾಮಣಿಯರು ಉಳಿದುಕೊಳ್ಳುತ್ತಾರೆ.

ಇನ್ನು ನೀನು ಕೇಳಿದ್ದು. ಬರುವ ವಾರ ಗರ್ಭಪಾತ ಮಾಡುವ ಕೋಣೆಯಲ್ಲಿ ನಿನ್ನ ಡ್ಯೂಟಿ. ಹಾಸ್ಟೆಲಿನ ಹುಡುಗಿಯರು ಆ ಡ್ಯೂಟಿಯನ್ನು ಹೇಗಾದರೂ ಬೇರೆಯವರಿಗೆ ದಾಟಿಸುತ್ತಾರೆ, ವಿಧಿಯಿಲ್ಲದೆ ಹೋದವರು ಬಂದು ತಲೆಗೆ ನೀರು ಹಾಕಿಕೊಳ್ಳದೆ ಊಟಕ್ಕೆ ಕೂರುವುದಿಲ್ಲ, "ನಾನೂ ದಾಟುಸ್ಬುಡ್ಲಾ ಅಮ್ಮಾ?" ಅಂದೆ.

ಬೇಡ ಮಗಳೇ. ಅಳುಕಿದ್ದರೆ ಮೇಡಂ ಹತ್ತಿರ ಹೇಳಿಕೋ, ಅವರು ಪಕ್ಕದಲ್ಲಿ ನಿಲ್ಲುತ್ತಾರೆ. ಆದರೆ ಮನುಷ್ಯರನ್ನು ಮುಟ್ಟಿ ತಲೆಗೆ ನೀರು ಹಾಕಿಕೊಳ್ಳುವುದು ಅಂದರೆ ಏನು ಅಂತ ನಮ್ಮ ಕೇರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮಜ್ಜ ಶಿವಯ್ಯನವರನ್ನು ಮುಟ್ಟಿದವರೂ ಹಾಗೇ ಮಾಡುತ್ತಿದ್ದರು. ಅವರ ಮೊಮ್ಮಗಳು ಆ ನೀರು ಹಾಕಿಕೊಳ್ಳುವುದು ಬೇಡ.

ಧೈರ್ಯವಾಗಿರು. ನಿನ್ನ ಕೈಗುಣ ಚೆನ್ನಾಗಿರಲಿ, ನೀನು ಮುಟ್ಟಿದವರೆಲ್ಲ ಗೆಲುವಾಗಿ ಮನೆಗೆ ಹೋಗಲಿ.

ಇಂತಿ ನಿನ್ನ ಅಮ್ಮ,
ನಾಗಲಕ್ಷ್ಮಿ

ತಾ.ಕ.: ಇದನ್ನು ಓದಿ ನಿನ್ನಲ್ಲೇ ಇಟ್ಟುಕೋ. ನೀನು ಹುಟ್ಟುವ ಮೊದಲು, ನಿಮ್ಮಣ್ಣ ಕೀರ್ತಿರಾಜ್ ಇನ್ನೂ ತೊಟ್ಟಿಲಲ್ಲಿದ್ದಾಗ, ನಾನೂ ಅಂಥ ಮಂಚದ ಮೇಲೆ ಮಲಗಿ ಬಂದವಳು. ನಿಮ್ಮಪ್ಪನಿಗೆ ಗೊತ್ತು, ಅಜ್ಜಿಗೆ ಗೊತ್ತಿಲ್ಲ. ತೆಗೆಸಿದ್ದಕ್ಕೆ ನಾನು ಅತ್ತವಳಲ್ಲ. ಪಕ್ಕದಲ್ಲಿ ನಿನ್ನಷ್ಟೇ ವಯಸ್ಸಿನ, ಕಲಿಯಲು ಬಂದ ಹುಡುಗಿ ನಿಂತಿದ್ದಳು. ನೀರು ಕೇಳಿದೆ. ಲೋಟವನ್ನು ನನಗೆ ಎಟುಕದ ಕಿಟಕಿಯ ಕಟ್ಟೆ ಮೇಲೆ ಇಟ್ಟು ಹೋದಳು. ನನ್ನ ಜಾತಿಗೋ, ನಾನು ಮಾಡಿಸಿಕೊಂಡಿದ್ದಕ್ಕೋ, ಇವತ್ತಿಗೂ ತಿಳಿಯಲಿಲ್ಲ. ಏಳಲಾರದೆ ಆ ಲೋಟವನ್ನೇ ನೋಡುತ್ತಾ ಮಲಗಿದ್ದೆ. ಬರುವ ವಾರ ಯಾರಾದರೂ ನಿನ್ನನ್ನು ನೀರು ಕೇಳಿದರೆ, ಕೈಗೆ ಕೊಡು.