ಹುಡುಗರು ಹತ್ತಿದ ಗುಡ್ಡ

ನೆರೂಳ, ನವಿ ಮುಂಬಯಿ
೪ ಜುಲೈ ೨೦೧೮

ಚಿ. ಸೌ. ಪ್ರಿಯಂವದಾಳಿಗೆ ಅಮ್ಮನ ಪ್ರೀತಿಯ ಆಶೀರ್ವಾದಗಳು.

ಕಲ್ಯಾಣಿನಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಅಳಿಯಂದಿರ ಕೆಮ್ಮು ಕಡಿಮೆಯಾಯಿತೇ? ಮಳೆ ಹಿಡಿದಾಗಿನಿಂದ ಬರೆಯಬೇಕೆಂದುಕೊಂಡೇ ಇಷ್ಟು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮೊಬೈಲಿನ ಕಾಲದಲ್ಲಿ ಅಮ್ಮನಿಗೆ ಕಾಗದದ ಹುಚ್ಚೇಕೆ ಎಂದು ನಗಲೂ ಬೇಡ. ಫೋನಿನಲ್ಲಿ ಗುಡ್ಡದ ಮಾತು ಎತ್ತಿದರೆ ಸಾಕು, ನಿನ್ನ ಮನೆಯ ಕುಕ್ಕರ್ ಕೂಗುತ್ತದೆ. ಆ ಕುಕ್ಕರಿಗೆ ನಮ್ಮ ಗುಡ್ಡದ ಮೇಲೆ ಏನು ಸಿಟ್ಟೋ ನಾನರಿಯೆ. ಕಾಗದವಾದರೆ ನನ್ನ ಮಾತು ಮುಗಿಯುವ ತನಕ ನೀನು ಕೇಳಲೇಬೇಕು.

ವಿಷಯ ನೇರ ಹೇಳುತ್ತೇನೆ. ಹದಿನೈದನೇ ತಾರೀಕು ಭಾನುವಾರ ಹುಡುಗರೆಲ್ಲ ಗುಡ್ಡದ ಮೇಲೆ ಸೇರುತ್ತಾರೆ. ಗಿಡ ನೆಡಲು ತೊಡಗಿ ಇದು ಹತ್ತನೆಯ ಮಳೆಗಾಲ. ಅರಣ್ಯ ಇಲಾಖೆಯ ಸಾಹೇಬರೂ ಬರುತ್ತಾರಂತೆ. ನೀನು ಬರಬೇಕು. ಇಷ್ಟು ವರ್ಷ ಪರೀಕ್ಷೆ, ಪೇಪರು ತಿದ್ದುವುದು, ರೈಲು ನಿಲ್ಲಿಸುವ ಮೆಗಾಬ್ಲಾಕು ಎಂದು ಏನೇನೋ ಹೇಳಿ ತಪ್ಪಿಸಿಕೊಂಡೆ. ಕಾರಣ ಅದಲ್ಲವೆಂದು ನನಗೂ ಗೊತ್ತು, ನಿನ್ನ ಅಪ್ಪನಿಗೂ ಗೊತ್ತು.

ಇದೆಲ್ಲ ಶುರುವಾದದ್ದು ನಿನ್ನ ಬಾಯಿಂದಲ್ಲವೇ? ಆ ವರ್ಷ ವ್ಯಾಪಾರವೆಲ್ಲ ಬಿದ್ದುಹೋಗಿ ನಿನ್ನ ತಮ್ಮ ಅನೀಶನ ಕಾಲ್ ಸೆಂಟರಿನ ಕೆಲಸ ಹೋಗಿತ್ತು. ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು ಕೂತುಬಿಟ್ಟಿದ್ದ. ಊಟಕ್ಕೆ ಕರೆದರೆ ಹಸಿವಿಲ್ಲ, ನಮ್ಮ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ತೆಗೆದುಕೊಳ್ಳಲು ಕೂರು ಎಂದರೆ ಇಷ್ಟವಿಲ್ಲ. ನಿನ್ನ ಅಪ್ಪ ಬಾಗಿಲ ಹೊರಗೆ ನಿಂತು ಬೈಯುವುದು, ನಾನು ಒಳಗೆ ಹೋಗಿ ಅಳುವುದು. ನೀನು ಆಗ ಎಂ.ಎ. ಓದುತ್ತಿದ್ದೆ. ಒಂದು ದಿನ ಸಾರು ಬಡಿಸುತ್ತಿದ್ದಾಗ ಅಮೆರಿಕದ ಹುಡುಗರ ಕಥೆ ತೆಗೆದೆ. ಅಲ್ಲಿಯೂ ಒಮ್ಮೆ ಬ್ಯಾಂಕುಗಳು ಮುಳುಗಿ, ಕಾರ್ಖಾನೆಗಳು ಮುಚ್ಚಿ, ಪ್ರಾಯದ ಹುಡುಗರು ಬೀದಿಯಲ್ಲಿ ಅಲೆಯುವಂತಾಯಿತಂತೆ. ಆಗ ಅಲ್ಲಿನ ಸರ್ಕಾರ ಅವರನ್ನು ಕಾಡಿಗೆ ಕಳಿಸಿ, ಶಿಬಿರ ಹಾಕಿ, ಗಿಡ ನೆಡಿಸಿತು. ಕೊಚ್ಚಿಹೋಗುವ ಮಣ್ಣಿಗೆ ತಡೆ ಕಟ್ಟಿಸಿತು, ದಾರಿ ಮಾಡಿಸಿತು. ಸಂಬಳದ ದೊಡ್ಡ ಪಾಲು ಅವರವರ ಮನೆಗೆ ಹೋಗುತ್ತಿತ್ತು. ಅಕ್ಷರ ಬಾರದವರಿಗೆ ಸಂಜೆ ಅಕ್ಷರ ಕಲಿಸಿದರು. ಮಹಾಯುದ್ಧ ಬರುವವರೆಗೂ ಇದು ನಡೆಯಿತು, ಅವರು ನೆಟ್ಟ ಮರಗಳು ಕೋಟಿಗಟ್ಟಲೆ ಎಂದು ನೀನು ಹೇಳುವಾಗ ಅನ್ನದ ಕೈ ಒಣಗಿತ್ತು. ಅನೀಶ ತಟ್ಟೆ ಬಿಟ್ಟು ನಿನ್ನ ಮುಖ ನೋಡುತ್ತಿದ್ದ. ಅಪ್ಪನೂ ಅದನ್ನು ನೋಡಿದರು.

ಆಮೇಲಿನದು ನಿನಗೆ ಗೊತ್ತು. ಅಪ್ಪ ಅರಣ್ಯ ಕಚೇರಿಗೆ ಅಲೆದು ಬೇಲಾಪುರದ ಹಿಂದಿನ ಬೋಳು ಗುಡ್ಡದಲ್ಲಿ ಗಿಡ ನೆಡಲು ಅನುಮತಿ ತಂದರು. ಕೆಲಸ ಕಳೆದುಕೊಂಡ ನಮ್ಮ ಕಡೆಯ ಹುಡುಗರನ್ನೆಲ್ಲ ಒಟ್ಟು ಹಾಕಿದರು. ಕಳವಾ ಸ್ಟೇಷನ್ ಕಡೆಯ ಜಯೇಶ್ ಬಂದದ್ದು ಹಾಗೆ, ಅವನ ವರ್ಕ್‌ಶಾಪಿಗೂ ಬೀಗ ಬಿದ್ದಿತ್ತು. ಎರಡು ಹೊತ್ತು ಊಟ, ರೈಲಿನ ಪಾಸು, ಕೈಖರ್ಚಿಗೆ ಅಷ್ಟೋ ಇಷ್ಟೋ. ಹೋಟೆಲಿನವರ ಶಿಬಿರ ಹೋಟೆಲಿನ ಹಾಗೆಯೇ ನಡೆಯಿತು. ಪಾಳಿ, ಹಾಜರಿ, ಒಂದೇ ಪಂಕ್ತಿಯಲ್ಲಿ ಊಟ, ಎಲೆ ಎತ್ತುವುದು ಅವರವರ ಕೆಲಸ.

ನಾನೂ ಹೋಗುತ್ತೇನೆ ಎಂದು ನೀನು ಹೊಸ ಬೂಟು ತಂದಿಟ್ಟಿದ್ದೆ. ಅಪ್ಪ ಅಂದದ್ದು ನನಗೆ ಈಗಲೂ ಕೇಳಿಸುತ್ತದೆ: "ಅಲ್ಲಿ ಹುಡುಗರು ಮಾತ್ರ ಅಂತ ನೀನೇ ಹೇಳಿದ್ದಲ್ವಾ ಮಾರಾಯ್ತಿ. ನಿನ್ನ ಅಮೆರಿಕದವರ ರೂಲೇ ನಮ್ಮದೂ." ನೀನು ಆ ಬೂಟು ಹಾಕಿಕೊಂಡು ಕಾಲೇಜಿಗೆ ಹೋದೆ. ನಿನ್ನ ಸಿಟ್ಟು ನ್ಯಾಯದ್ದೇ, ನಾನು ಅಲ್ಲವೆನ್ನುವುದಿಲ್ಲ.

ಆದರೆ ಆ ಮೊದಲ ವರ್ಷದ ಫಜೀತಿ ನೆನೆದರೆ ಈಗಲೂ ನಗು ತಡೆಯುವುದಿಲ್ಲ. ಅಕ್ಕಿ ತೊಳೆದ ನೀರು ಗಿಡಕ್ಕೆ ಒಳ್ಳೆಯದೆಂದು ನಮ್ಮವರೆಲ್ಲ ತುಳಸಿಗೆ ಹೊಯ್ಯುವುದುಂಟು. ನಿನ್ನ ಅಪ್ಪನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಮಳೆ ನಿಂತ ಮೇಲೆ ಇಡ್ಲಿ ಹಿಟ್ಟಿನ ಪಾತ್ರೆ ತೊಳೆದ ನೀರನ್ನೂ ಹಾಲಿನ ಕ್ಯಾನಿನಲ್ಲಿ ತುಂಬಿಸಿ ಗುಡ್ಡಕ್ಕೆ ಹೊರಿಸಿದರು. ಉದ್ದಿನ ಸತ್ವ ಚರಂಡಿಗೆ ಯಾಕೆ ಹೋಗಬೇಕು ಎಂಬ ವಾದ ಬೇರೆ. ಆ ನೀರು ಬಿಸಿಲಿಗೆ ಹುಳಿ ಬಂದು, ಸುತ್ತಲಿನ ಹೆಗ್ಗಣಗಳಿಗೆಲ್ಲ ಔತಣ ಕೊಟ್ಟಂತಾಯಿತು. ಅವು ಬುಡವನ್ನೆಲ್ಲ ಕೆದರಿ ಬೇರು ಮೇಲೆ ಹಾಕಿದವು. ಉಳಿದ ಗಿಡಗಳು ಬೇಸಿಗೆಗೆ ಒಣಗಿದವು, ಅದರ ನಂತರದ ಮೊದಲ ಮಳೆಗೆ ಗುಂಡಿಯ ಮಣ್ಣೂ ಜಾರಿಹೋಯಿತು. ಹುಡುಗರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅನೀಶ ಮತ್ತೆ ಕೋಣೆ ಸೇರಿದ. ಅವನು ಇನ್ನು ಹೊರಗೆ ಬರಲಾರ ಎಂದು ನಾನು ಹೆದರಿದ್ದೆ.

ಆಗ ನೀನು ಮಾಡಿದ್ದನ್ನು ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತೇನೆ. ಕಾಲೇಜಿನಿಂದ ನೆಟ್ಟಗೆ ಹೋಟೆಲಿಗೆ ಬಂದು ಗಲ್ಲೆಯ ಮೇಲೆ ಸ್ಟೀಲಿನ ಟ್ರೇಯನ್ನು ಓರೆಯಾಗಿ ಹಿಡಿದೆ. ಮೇಲಿನಿಂದ ನೀರು ಹೊಯ್ದೆ, ಅಷ್ಟೂ ಅಪ್ಪನ ಅಂಗಿಯ ಮೇಲೆ. ಮತ್ತೆ ಟ್ರೇಯಲ್ಲಿ ಚಮಚಗಳನ್ನು ಅಡ್ಡಡ್ಡ ಜೋಡಿಸಿ ಹೊಯ್ದೆ. ನೀರು ಚಮಚಕ್ಕೆ ಚಮಚಕ್ಕೆ ನಿಂತು ನಿಧಾನವಾಗಿ ಇಳಿಯಿತು. "ಆ ಹುಡುಗರು ಮೊದಲು ಮಣ್ಣು ನಿಲ್ಲಿಸಿದ್ದು ಅಪ್ಪ, ಗಿಡ ಆಮೇಲೆ" ಎಂದಷ್ಟೇ ಹೇಳಿ, ಟ್ರೇ ಅಲ್ಲೇ ಬಿಟ್ಟು ಹೊರಟುಹೋದೆ. ಗಿರಾಕಿಗಳೆಲ್ಲ ತಿನ್ನುವುದು ಬಿಟ್ಟು ನೋಡುತ್ತಿದ್ದರು. ಅಪ್ಪ ಮರುದಿನ ಅನೀಶನ ಬಾಗಿಲು ತಟ್ಟಿ, ಬೈಯದೆ, ಕಲ್ಲು ಜೋಡಿಸಲಿಕ್ಕೆ ಬರುತ್ತೀಯಾ ಎಂದು ಕೇಳಿದರು. ಅವನು ಹೋದ.

ಈಗ ಆ ಗುಡ್ಡವನ್ನು ನೋಡಿದವರು ಅದೇ ಗುಡ್ಡವೆಂದು ನಂಬುವುದಿಲ್ಲ. ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಸಾಲುಗಳು, ಸಾಲಿನ ಹಿಂದೆ ಕಪ್ಪು ಮಣ್ಣು, ಮಣ್ಣಿನಲ್ಲಿ ಹೊಂಗೆ, ಬೇವು, ನೇರಳೆ. ನೇರಳೆ ಕಳೆದ ವರ್ಷ ಹಣ್ಣು ಬಿಟ್ಟಿತು. ತುದಿಯಲ್ಲಿ ನಿಂತರೆ ಒಂದು ಕಡೆ ಖಾಡಿಯ ಉಪ್ಪುನೀರು, ಇನ್ನೊಂದು ಕಡೆ ಹಾರ್ಬರ್ ಲೈನಿನ ರೈಲು. ನವಿಲು ಬಂದಿದೆ ಎಂದು ಜಯೇಶ್ ಆಣೆ ಹಾಕುತ್ತಾನೆ. ಅವನೀಗ ಕಾಮೋಠೆಯಲ್ಲಿ ಸ್ವಂತ ನರ್ಸರಿ ಇಟ್ಟಿದ್ದಾನೆ, ಮೊನ್ನೆ ಬಂದವನು "ಆಂಟಿ, ಅಪನಾ ಪಹಾಡ್ ಏಕ್‌ದಮ್ ಜಂಗಲ್ ಹೋ ಗಯಾ" ಎಂದ, ನಮ್ಮ ಗುಡ್ಡ ಪೂರಾ ಕಾಡಾಯಿತಂತೆ. ಅನೀಶ ಠಾಣೆ ಶಹರದ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಮಳೆನೀರು ಹಿಡಿಯುವುದನ್ನು ಕಲಿಸುತ್ತಾನೆ, ಕೈಯಲ್ಲಿ ಒಂದು ಟ್ರೇ, ಒಂದು ಕಟ್ಟು ಚಮಚ. ನನ್ನ ಮಕ್ಕಳ ವಿಷಯದಲ್ಲಿ ನನಗೆ ಹೆಮ್ಮೆ ಇದೆ, ಅದನ್ನು ಮುಚ್ಚಿಡುವ ಸ್ವಭಾವ ನನ್ನದಲ್ಲ. ಸೊಸೈಟಿಯ ಹೆಂಗಸರು ನಾನು ಬರುವುದನ್ನು ಕಂಡರೆ ಲಿಫ್ಟಿನ ಬಾಗಿಲು ಬೇಗ ಹಾಕುತ್ತಾರೆ.

ಮೊನ್ನೆ ಊಟದ ಹೊತ್ತಿಗೆ ಭಾಷಣ ಯಾರದು ಎಂದು ಅನೀಶ ಕೇಳಿದ. ಅಪ್ಪ ಮಜ್ಜಿಗೆ ಕುಡಿದು ಮುಗಿಸಿ ಹೇಳಿದರು: "ಪ್ರಿಯ ಬಂದ್ರೆ ಮೈಕ್ ಅವಳಿಗೆ. ಬರದಿದ್ರೆ ಭಾಷಣವೇ ಬೇಡ." ಅವರಿಂದ ಇದಕ್ಕಿಂತ ಹೆಚ್ಚಿನ ಮಾತು ಹೊರಡುವುದಿಲ್ಲ, ನಿನಗೇ ಗೊತ್ತು. ನಿನಗೆ ಫೋನು ಮಾಡಲು ಹೇಳಿದೆ. ಚಾರ್ಜು ಇಲ್ಲ ಎಂದರು. ಫೋನು ತುಂಬ ಚಾರ್ಜಿತ್ತು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ನೀನು ನಿಂತಲ್ಲೆಲ್ಲ ನಿನ್ನ ಮಾತು ನಡೆಯಲಿ, ಮನೆ ತುಂಬ ನಗು ಇರಲಿ.

ಇತಿ ನಿನ್ನ ಅಮ್ಮ
ವನಮಾಲಾ

ತಾ.ಕ.: ಕಾಗದ ಅಂಟಿಸುವ ಮೊದಲು ಒಮ್ಮೆ ಓದಿ ನೋಡಿದೆ. ಮೇಲೆ ಬರೆದ ಕಲ್ಲಿನ ಸಾಲು, ನೇರಳೆ, ಖಾಡಿ, ಯಾವುದನ್ನೂ ನಾನು ನೋಡಿಲ್ಲ ಮಗಳೇ. ನೋಡಿರಬೇಕೆಂದು ನೀನೂ ಅಂದುಕೊಂಡಿದ್ದೆಯೇನೋ. ಮೊದಲು ಹುಡುಗರು ಮಾತ್ರ ಎಂದರು. ಆಮೇಲೆ ಯಾರೂ ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ನಾನು ಬುತ್ತಿ ಕಟ್ಟಿ, ಗೇಟಿನ ತನಕ ಹೋಗಿ, ಟೆಂಪೋ ತಿರುಗುವವರೆಗೂ ನಿಂತು ಬರುತ್ತಿದ್ದೆ. ನಿನ್ನ ಅಪ್ಪ ತಾವಾಗಿ ಕರೆಯಲಿ ಎಂದು ಕಾದೆ. ಕಾಯುತ್ತ ಕಾಯುತ್ತ ಮಂಡಿ ಹೋಯಿತು, ಈಗ ಒಬ್ಬಳೇ ಹತ್ತಲಾರೆ. ಭಾಷಣ ಮಾಡದಿದ್ದರೂ ಚಿಂತೆಯಿಲ್ಲ, ನೀನು ಬಾ. ನಿನ್ನ ಕೈ ಹಿಡಿದು ನಾನೂ ಹತ್ತುತ್ತೇನೆ.