ನೆಲದಿಂದ ಅಳೆದ ಹಲಗೆ

ಮಾರ್ಚ್ 4, ಬೆಳಗ್ಗೆ 9.30
ಪಾದಚಾರಿ ಮಾರ್ಗದ ಕಲ್ಲುಗಳು ಸೊಟ್ಟಗೆ ಕೂತಿರುವ ಬಗ್ಗೆ ಪತ್ರಿಕೆಗೆ ಆರನೆಯ ಪತ್ರ ಮುಗಿಸಿದೆ. ಗುತ್ತಿಗೆದಾರ ಯಾರು, ಉದ್ಘಾಟನೆ ಯಾವ ವರ್ಷ—ಎಲ್ಲ ನೆನಪಿನಿಂದಲೇ. ಮಗಳು ಲೇಸರ್ ಲೆವೆಲ್ ತಂದಿದ್ದಾಳೆ. ಹಜಾರದಲ್ಲಿ ಫೋಟೋಗಳನ್ನು ಸಾಲಾಗಿ ಹಾಕಬೇಕಂತೆ. ಅಂಗೈಯಗಲದ ಡಬ್ಬಿ, ಗುಂಡಿ ಒತ್ತಿದರೆ ಗೋಡೆಯುದ್ದಕ್ಕೂ ಮಟ್ಟಸವಾದ ಕೆಂಪು ಗೆರೆ.

11.00
ಗೆರೆ ಪುಸ್ತಕದ ಹಲಗೆಯ ಮೇಲೂ ಬಿತ್ತು. ಮನೆಯಲ್ಲಿ ಅದಕ್ಕೆ 'ಸೊಟ್ಟ ಹಲಗೆ' ಎಂದೇ ಹೆಸರು. ಆ ಹೆಸರಿಟ್ಟವನು ನಾನು.
"ಅಪ್ಪಾ, ಬಾ ಇಲ್ಲಿ! ಸೊಟ್ಟ ಹಲಗೆ ಸೊಟ್ಟಗೇ ಇಲ್ಲ! ಕೂದಲೆಳೆಯಷ್ಟೂ ಆಚೀಚೆ ಇಲ್ಲ ನೋಡು."
ಡಬ್ಬಿ ಕೆಟ್ಟಿರಬೇಕು ಎಂದೆ. ತಿರುಗಿಸಿಟ್ಟಳು. ಗೆರೆ ಅಲ್ಲೇ. ನೆಲದಿಂದ ಹಲಗೆಗೆ ಟೇಪು ಹಿಡಿದಳು. ಬಾಲ್ಕನಿ ಕಡೆ ಒಂದಿಂಚು ಹೆಚ್ಚು.
"ಹಾಗಾದ್ರೆ ನೆಲವೇ ಇಳಿಜಾರು!"
ಅಡುಗೆಮನೆಯಿಂದ ಹೆಂಡತಿ: "ಇರದೆ ಏನು? ತೊಳೆದ ನೀರು ತಾನಾಗೇ ಬಾಲ್ಕನಿಗೆ ಹೋಗ್ಲಿ ಅಂತ ಗಾರೆಯವ್ರ ತಲೆ ಮೇಲೆ ಕೂತು ಮಾಡಿಸಿದ್ದು ನಿಮ್ಮಪ್ಪನೇ. ಊರೋರ ತಪ್ಪೆಲ್ಲ ತಾರೀಖಿನ ಸಮೇತ ನೆನಪಿರುತ್ತೆ, ಇದೊಂದು ಬಿಟ್ಟು."

ಸಂಜೆ
ಹನ್ನೊಂದು ವರ್ಷ. ಹಲಗೆ ಕೂರಿಸಿದ ಬಡಗಿ ಅದರ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಟ್ಟನಡುವೆ ನಿಂತದ್ದನ್ನು ತೋರಿಸಿದ್ದರು. ನಾನು ಟೇಪು ಹಿಡಿದು ಒಂದಿಂಚಿನ ವ್ಯತ್ಯಾಸ ತೋರಿಸಿದೆ. "ನೆಲದಿಂದ ಅಳೀಬೇಡಿ ಸಾರ್." ಮೂರು ಸಲ ಹೇಳಿದರು. ಉದ್ಧಟತನ ಅನ್ನಿಸಿತ್ತು. ಮರುದಿನ ಕಟ್ಟಡದ ನೋಟೀಸ್ ಬೋರ್ಡಿನಲ್ಲಿ ನನ್ನ ಒಂದು ಪುಟ—'ಕಸುಬು ತಿಳಿಯದವರ ಬಗ್ಗೆ ಎಚ್ಚರಿಕೆ.' ಅವರ ಹೆಸರು ಸಹಿತ. ಐದು ಮನೆಯವರು ಅವರನ್ನು ಬೇಡವೆಂದರು. ಮೆಟ್ಟಿಲಲ್ಲಿ ನನ್ನ ಕೈ ಕುಲುಕಿದರು. ಎದೆಯುಬ್ಬಿಸಿಕೊಂಡು ಓಡಾಡಿದ್ದೆ...

ಮಾರ್ಚ್ 6
ಮಗಳು 'ಸೊಟ್ಟ ಹಲಗೆ' ಎನ್ನುವುದನ್ನು ಬಿಟ್ಟಿದ್ದಾಳೆ. ಅದು ಇನ್ನೂ ಹೆಚ್ಚು ಚುಚ್ಚುತ್ತದೆ.

ಮಾರ್ಚ್ 19
ಆ ಬಡಗಿ ಎಲ್ಲಿದ್ದಾರೆಂದು ಮರದ ಅಂಗಡಿಯಲ್ಲಿ ವಿಚಾರಿಸಿಕೊಂಡು ಹೋದೆ. ಪ್ಯಾಕಿಂಗ್ ಪೆಟ್ಟಿಗೆ ಮಾಡುವ ಷೆಡ್ಡಿನಲ್ಲಿದ್ದಾರೆ. ಕಂಡೊಡನೆ ಗುರುತು ಹಿಡಿದರು.
"ಬನ್ನಿ ಸಾರ್. ಇನ್ನೇನು ಅಳೀಬೇಕು?" ನಗುತ್ತಲೇ ಸ್ಟೂಲು ಒರೆಸಿ ಕೊಟ್ಟರು.
"ಮನೆ ಕೆಲಸ ಬಿಟ್ರಾ?"
"ಮನೆಯವ್ರು ಬಿಟ್ರು ಸಾರ್. ಪೆಟ್ಟಿಗೆ ಸೊಟ್ಟ ಆದ್ರೂ ಯಾರೂ ಬೋರ್ಡಿಗೆ ಹಾಕಲ್ಲ." ಎರಡು ಮೊಳೆ ಹೊಡೆದು, ತಲೆಯೆತ್ತದೆ ಕೇಳಿದರು: "ಆ ಹಲಗೆ... ಬೇರೆಯವ್ರ ಹತ್ರ ಸರಿ ಮಾಡಿಸಿದ್ರಾ?"
ಇದಕ್ಕೇ ಬಂದದ್ದು. ಬಾಯಿ ತೆರೆದೆ. "ಇದೆ, ಪುಸ್ತಕ ಇಟ್ಟಿದೀವಿ" ಎಂದೆ. ಅಷ್ಟೇ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.

ಮಾರ್ಚ್ 22, ಬೆಳಗ್ಗೆ 7
ನೋಟೀಸ್ ಬೋರ್ಡಿನ ಬೀಗದ ಕೈ ಇಸಿದುಕೊಂಡು ಬಂದಿದ್ದೇನೆ. ಬರೆಯುವುದರ ಒಂದು ಪ್ರತಿ ಅಲ್ಲಿಗೆ, ಇನ್ನೊಂದು ಷೆಡ್ಡಿಗೆ—ನಾನೇ ಒಯ್ಯುವುದು, ಅವರ ಕೈಗೇ. ಇದುವರೆಗೆ ಮೂರು ಹಾಳೆ ಹರಿದೆ. ಒಂದರಲ್ಲಿ ನೆಲವನ್ನು ದೂರಿದ್ದೆ, ಇನ್ನೊಂದರಲ್ಲಿ ಗಾರೆಯವರನ್ನು, ಮತ್ತೊಂದರಲ್ಲಿ ಟೇಪನ್ನು.
ಹೆಂಡತಿ ಇಣುಕಿ ನೋಡಿದಳು. "ಅವತ್ತು ಹತ್ತೇ ನಿಮಿಷಕ್ಕೆ ಬರೆದಿದ್ರಿ."
ನಾಲ್ಕನೆಯ ಹಾಳೆ.
ಈ ಕಟ್ಟಡದ ಎಲ್ಲ ನಿವಾಸಿಗಳಿಗೆ—ಹನ್ನೊಂದು ವರ್ಷಗಳ ಹಿಂದೆ ಇದೇ ಬೋರ್ಡಿನಲ್ಲಿ ನಾನು ಬರೆದದ್ದು ತಪ್ಪು; ಹಲಗೆ ನೆಟ್ಟಗಿತ್ತು, ತಪ್ಪಾಗಿ ಅಳೆದವನು ನಾನು.