ನೋಡುವ ಹಕ್ಕು

ಡೆಲ್ವಾ, ಅಯೋವಾ
೫ ಮಾರ್ಚ್ ೨೦೧೯

ಜಾನೆಲ್,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ. ಮೂವತ್ತನಾಲ್ಕು ವರ್ಷದ ಕ್ರಿಸ್ಮಸ್ ಕಾರ್ಡುಗಳಲ್ಲಿ ಆ ಪದ ಸವೆದುಹೋಗಿದೆ. ನೀನು ಕ್ಷೇಮವೆಂದು ಬಲ್ಲೆ, ಕಾಲೇಜಿನ ಪತ್ರಿಕೆಯ ಮುಖಪುಟದಲ್ಲೇ ನಗುತ್ತಿದ್ದೀಯಲ್ಲ.

ಸೆಪ್ಟೆಂಬರಿನಲ್ಲಿ ಹೊಸ ವಿದ್ಯಾರ್ಥಿಗಳನ್ನು ಸ್ವಾಗತಿಸಿ, ಆಡಳಿತ ಮಂಡಳಿಯ ಸದಸ್ಯೆಯಾಗಿ ನೀನು ಮಾಡಿದ ಭಾಷಣವನ್ನು ಕೊನೆಯ ಸಾಲಿನಲ್ಲಿ ಕೂತು ಕೇಳಿದೆ. ಇಲ್ಲಿ ಗಣಿತದ ಹುಡುಗಿ ಸೆಲ್ಲೊ ನುಡಿಸಬಹುದು, ಗ್ರೀಕ್ ಓದುವವಳು ಗಿಡಮೂಲಿಕೆ ಹುಡುಕಿಕೊಂಡು ಕ್ರೀಟ್ ದ್ವೀಪಕ್ಕೆ ಹೋಗಬಹುದು, ಯಾರಿಗೂ ಯಾವ ಬಾಗಿಲೂ ಮುಚ್ಚಿಲ್ಲ ಎಂದೆ ನೀನು. ಕ್ರೀಟಿಗೆ ಹೋಗಬೇಕೆಂದಿದ್ದವಳು ನಾನು, ಜಾನೆಲ್. ನನ್ನ ವರ್ಷ ಕಿತ್ತುಕೊಂಡದ್ದು ಸಾಲದೆ ಭಾಷಣಕ್ಕೆ ಉದಾಹರಣೆಯನ್ನೂ ನನ್ನಿಂದಲೇ ಎತ್ತಿಕೊಂಡೆ.

೧೯೮೫ರ ಆ ಅರ್ಜಿ ನೆನಪಿದೆಯೆ? ವರ್ಷಕ್ಕೊಬ್ಬರಿಗೆ ವಿದೇಶದಲ್ಲಿ ಓದುವ ಅವಕಾಶ. ಎರಡು ಶಿಫಾರಸು ಪತ್ರ: ಒಂದು ಅಧ್ಯಾಪಕರದು, ಇನ್ನೊಂದು, ನಮ್ಮ ಕಾಲೇಜಿನದೇ ಪದ್ಧತಿಯಂತೆ, ದಿನವೂ ಹತ್ತಿರದಿಂದ ಕಂಡವರದು. ನಾನು ನಿನ್ನನ್ನು ಕೇಳಿದೆ. ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರು, ಇನ್ಯಾರನ್ನು ಕೇಳಲಿ? ಅರ್ಜಿಯ ಕೊನೆಯಲ್ಲಿ ಒಂದು ಚೌಕ ಇತ್ತು: 'ಈ ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ.' ನನ್ನ ಪೆನ್ನು ಅರೆಗಳಿಗೆ ನಿಂತಾಗ ನೀನು ನಕ್ಕು, ಗುರುತು ಹಾಕೇ ಮಾರಾಯ್ತಿ, ಹಾಕದಿದ್ರೆ ನಂಬಿಕೆ ಇಲ್ಲ ಅಂದ್ಕೋತಾರೆ, ನಾನೇನು ನಿನ್ನ ತಲೆ ತೆಗಿತೀನಾ, ಎಂದೆ. ಹಾಕಿದೆ. ಮರ್ಯಾದಸ್ಥರೆಲ್ಲ ಹಾಕುತ್ತಿದ್ದರು, ಈಗಲೂ ಹಾಕುತ್ತಾರೆ.

ಅವಕಾಶ ನನಗೆ ಸಿಗಲಿಲ್ಲ, ನನ್ನಂತೆಯೇ ಅರ್ಜಿ ಹಾಕಿ ಎರಡನೆಯ ಸ್ಥಾನದಲ್ಲಿದ್ದ ನಿನಗೆ ಸಿಕ್ಕಿತು. ನಿನ್ನ ಪೆಟ್ಟಿಗೆ ಕಟ್ಟಿಕೊಟ್ಟವಳು ನಾನು. ಆಮೇಲೆ ಗ್ರೀಕ್ ಬಿಟ್ಟೆ. ಇದೇ ಕಾಲೇಜಿನ ದಾಖಲೆ ಕಚೇರಿಗೆ ಸೇರಿ, ಊರು ಬಿಟ್ಟು ಹೋಗುವವರ ಅಂಕಪಟ್ಟಿಗಳಿಗೆ ಮೊಹರು ಒತ್ತುತ್ತ ಉಳಿದೆ. ನಾನು ಗಟ್ಟಿಯಲ್ಲದವಳೆಂದು ಸಮಿತಿಗೆ ಅನಿಸಿರಬೇಕು ಅಂದುಕೊಂಡೆ. ಮೂವತ್ತನಾಲ್ಕು ವರ್ಷ ಅದನ್ನೇ ನಂಬಿ ಬದುಕಿದೆ.

ಜನವರಿಯಲ್ಲಿ ನೆಲಮಾಳಿಗೆಯ ಹಳೆಯ ಕಡತಗಳನ್ನು ಚೂರು ಮಾಡಲು ಆದೇಶ ಬಂತು. ನನ್ನ ಹೆಸರಿನ ಕಡತದಲ್ಲಿ ನಿನ್ನ ಅಕ್ಷರವಿತ್ತು. "ಆರ್ಡಿಸ್ ಬುದ್ಧಿವಂತೆ. ಆದರೆ ತಾಯಿ ತೀರಿದ ಮೇಲೆ ಹನ್ನೊಂದು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಅಷ್ಟು ದೂರ ಒಬ್ಬಳನ್ನೇ ಕಳಿಸಿದರೆ ಏನು ಮಾಡಿಕೊಳ್ಳುತ್ತಾಳೋ ಎಂದು ಗೆಳತಿಯಾಗಿ ನನಗೆ ಭಯ."

ಹನ್ನೊಂದು ದಿನ. ಸರಿಯಾದ ಲೆಕ್ಕವೇ. ಊಟದ ಕೋಣೆಯಿಂದ ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ತಂದು, ಒಂದು ತುತ್ತಾದ್ರೂ ತಿನ್ನೇ ಎಂದು ನನ್ನ ಬಾಯಿಗಿಟ್ಟವಳಿಗೆ ಆ ಲೆಕ್ಕ ತಪ್ಪುವುದಾದರೂ ಹೇಗೆ? ಸುಳ್ಳು ಬರೆದಿದ್ದರೆ ಕ್ಷಮಿಸಬಹುದಿತ್ತು. ನೀನು ಬರೆದದ್ದು ನಿಜ.

ಈಗ ನಿನ್ನ ಮಗಳ ವಿಷಯ. ಬ್ರಿಟಾ ಎರಡು ವರ್ಷದಿಂದ ವಾರಕ್ಕೆ ಹತ್ತು ಗಂಟೆ ನಮ್ಮ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆಂದು ನಿನಗೆ ಗೊತ್ತು. ಅದೇ ಅವಕಾಶಕ್ಕೆ ಅವಳೂ ಅರ್ಜಿ ಹಾಕಿದ್ದಾಳೆ. ಚರ್ಚಿನ ಗಂಟೆಗಳ ನಾದವನ್ನು ಗಣಿತದಲ್ಲಿ ಹಿಡಿಯಲು ಅವಳಿಗೆ ಎಸ್ಟೋನಿಯಾಕ್ಕೆ ಹೋಗಬೇಕು. ಹತ್ತಿರದಿಂದ ಕಂಡವರ ಪತ್ರಕ್ಕೆ ನನ್ನನ್ನೇ ಕೇಳಿದಳು. ಆಮೇಲೆ ನಿನ್ನ ಫೋನು ಬಂತು: ಆರ್ಡಿ, ನಮ್ಮ ಹುಡುಗಿಗೆ ನಾಲ್ಕು ಒಳ್ಳೆ ಮಾತು ಬರಿಯೇ, ಹಳೇ ಸ್ನೇಹಕ್ಕೆ.

ಹಳೇ ಸ್ನೇಹಕ್ಕೆ ಎರಡು ಪತ್ರ ಬರೆದೆ. ಒಂದರಲ್ಲಿ ನಾನು ಕಂಡ ಬ್ರಿಟಾ ಇದ್ದಾಳೆ. ಇನ್ನೊಂದು ನಿನ್ನದೇ ಪತ್ರ, ಹೆಸರೂ ದಿನದ ಲೆಕ್ಕವೂ ಮಾತ್ರ ಬೇರೆ. ಅಕ್ಟೋಬರಿನಲ್ಲಿ ಅವಳು ಒಂಬತ್ತು ದಿನ ತರಗತಿಗೆ ಹೋಗಲಿಲ್ಲ, ನಮ್ಮ ಕಚೇರಿಯ ಹಿಂದಿನ ಕೋಣೆಯಲ್ಲಿ ಅಳುತ್ತ ಕೂತಿದ್ದಳು. ನಿನಗೆ ಗೊತ್ತಿರಲಿಲ್ಲ ಅಲ್ಲವೆ? ಅಮ್ಮಂಗೆ ಹೇಳ್ಬೇಡಿ ಎಂದಿದ್ದಳು. ನಾನು ಸೂಪು ತಂದು ಕುಡಿಸಿದೆ, ದಿನಗಳನ್ನೂ ಎಣಿಸಿದೆ. ಎಣಿಸುವುದನ್ನು ನಿನ್ನಿಂದಲೇ ಕಲಿತದ್ದು.

ನಿನ್ನೆ ಕಡೆಯ ದಿನ. ಎರಡರಲ್ಲಿ ಒಂದು ಸಮಿತಿಗೆ ಸೇರಿದೆ. ಯಾವುದೆಂದು ಹೇಳುವುದಿಲ್ಲ. ಫಲಿತಾಂಶ ಏಪ್ರಿಲ್ ಹನ್ನೆರಡಕ್ಕೆ. ನಾನು ಮೂವತ್ತನಾಲ್ಕು ವರ್ಷ ಕಾದೆ, ನೀನು ಐದು ವಾರ ಕಾಯಿ.

ನಿನ್ನನ್ನು ಹತ್ತಿರದಿಂದ ಕಂಡವಳು,
ಆರ್ಡಿಸ್ ಕ್ವಾಮ್

ಮರೆತ ಮಾತು: ಬ್ರಿಟಾ ಆ ಚೌಕಕ್ಕೆ ಗುರುತು ಹಾಕಲಿಲ್ಲ. ಯಾಕೆಂದು ಕೇಳಿದರೆ, ನನ್ನ ಬಗ್ಗೆ ಬರೆದಿದ್ದನ್ನ ನಾನೇ ಓದಬಾರದು ಅಂದ್ರೆ ಅದೆಂಥ ಮರ್ಯಾದೆ, ಆಂಟಿ, ಎಂದಳು. ನಿನಗಿಂತಲೂ ನನಗಿಂತಲೂ ಜಾಣೆ. ಹಾಗಾಗಿ ನಾನು ಬರೆದ ಎರಡನ್ನೂ ಅವಳ ಮುಂದಿಟ್ಟೆ. ಒಂಬತ್ತು ದಿನದ್ದನ್ನು ಅವಳು ಎರಡು ಸಲ ಓದಿ, ಇದು ನಿಮ್ಮ ಮಾತಿನ ಹಾಗಿಲ್ಲ, ಯಾರದ್ದು, ಎಂದು ಕೇಳಿದಳು. ನಿನ್ನ ಮೂಲ ಪತ್ರ ತೋರಿಸಿದೆ. ಅಕ್ಷರ ಯಾರದೆಂದು ನಾನು ಹೇಳಬೇಕಾಗಲಿಲ್ಲ. ಒಳ್ಳೆಯ ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದವಳು ಅವಳೇ, ಆದ್ದರಿಂದ ಎಸ್ಟೋನಿಯಾದ ಚಿಂತೆ ಬಿಡು. ವಸಂತ ರಜೆಗೆ ಶುಕ್ರವಾರ ಮನೆಗೆ ಬರುತ್ತಾಳೆ. ನಿನ್ನ ಪತ್ರ ಅವಳ ಚೀಲದಲ್ಲಿದೆ.